ಹೆಂಚು ಒಡೆಯುವುದು ಕೈಯೋ, ಬಿರುಕೋ?

ಡಿಸೆಂಬರ್ ಬಂತೆಂದರೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸುಗ್ಗಿ ಶುರು. ಸ್ವಾಗತ ಭಾಷಣ, ಬಹುಮಾನ ವಿತರಣೆ, ಸಿನಿಮಾ ಹಾಡಿನ ಕುಣಿತ ಎಲ್ಲ ಮುಗಿದು ಜನ ಆಕಳಿಸುವ ಹೊತ್ತಿಗೆ ಕರಾಟೆ ಮಕ್ಕಳು ವೇದಿಕೆ ಏರುತ್ತಾರೆ. ಬಿಳಿ ಬಟ್ಟೆ, ಸೊಂಟಕ್ಕೆ ಬಣ್ಣದ ಬೆಲ್ಟು. ಎರಡು ಸಿಮೆಂಟ್ ಬ್ಲಾಕುಗಳಿಗೆ ಅಡ್ಡಲಾಗಿ ಮಂಗಳೂರು ಹೆಂಚು ಇಟ್ಟಿರುತ್ತಾರೆ. ಮೈಕ್ ಸೆಟ್ಟಿನವನು ಹಾಡು ನಿಲ್ಲಿಸುತ್ತಾನೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಸಲ ಕೈ ಆಡಿಸಿ ಅಳತೆ ನೋಡಿ, ಒಮ್ಮೆ ಗಟ್ಟಿಯಾಗಿ ಕೂಗಿ, ಅಂಗೈಯ ಅಂಚಿನಿಂದ ಹೊಡೆಯುತ್ತಾಳೆ. ಹೆಂಚು ಎರಡು ಹೋಳಾಗಿ ಬೀಳುತ್ತದೆ. ಮೊಮ್ಮಗಳ ಡ್ಯಾನ್ಸ್ ಮುಗಿದ ಮೇಲೆ ತೂಕಡಿಸುತ್ತಿದ್ದ ತಾತನೂ ಎದ್ದು ಚಪ್ಪಾಳೆ ತಟ್ಟುತ್ತಾರೆ.

ಮಾರನೆಯ ಬೆಳಿಗ್ಗೆ ಅದೇ ಊರಿನ ಯಾವುದಾದರೂ ಹೊಸ ಮನೆಯ ಗೋಡೆಯ ಹತ್ತಿರ ಹೋಗಿ ನಿಲ್ಲಿ. ಗಾರೆ ಮೇಸ್ತ್ರಿಗೆ ಮೂಲೆಗೆ ಅರ್ಧ ಇಟ್ಟಿಗೆ ಬೇಕು. ಎಡ ಅಂಗೈಯಲ್ಲಿ ಇಟ್ಟಿಗೆ ಹಿಡಿದು, ಕರಣೆಯ ಅಂಚಿನಿಂದ ಮೇಲೊಂದು, ಪಕ್ಕಕ್ಕೊಂದು, ತಿರುಗಿಸಿ ಇನ್ನೊಂದು ಸಣ್ಣ ಏಟು ಹಾಕುತ್ತಾನೆ. ಕೊನೆಗೆ ಒಂದೇ ಒಂದು ಚುರುಕಾದ ಪೆಟ್ಟು. ಇಟ್ಟಿಗೆ ಗೆರೆ ಎಳೆದ ಹಾಗೆ ಎರಡಾಗುತ್ತದೆ. ಅವನು ಅದರತ್ತ ನೋಡುವುದೂ ಇಲ್ಲ, ಪಕ್ಕದವನ ಜೊತೆ ಮಾತು ಮುಂದುವರಿಸುತ್ತಾನೆ. ದಿನಕ್ಕೆ ಎಷ್ಟು ಇಟ್ಟಿಗೆ ಹೀಗೆ ತುಂಡಾಗುತ್ತವೋ, ಲೆಕ್ಕ ಇಟ್ಟವರಿಲ್ಲ, ಚಪ್ಪಾಳೆ ತಟ್ಟಿದವರೂ ಇಲ್ಲ.

ಹುಡುಗಿ ಮಾಡಿದ್ದೂ ಮೇಸ್ತ್ರಿ ಮಾಡಿದ್ದೂ ಒಂದೇ ಕೆಲಸ: ಬಿರುಕಿಗೆ ಓಡಲು ದಾರಿ ಮಾಡಿಕೊಟ್ಟದ್ದು. ಒಡೆಯುವ ವಿದ್ಯೆಯ ಮುಕ್ಕಾಲು ಪಾಲು ಗುಟ್ಟು ಒಡೆಯುವ ವಸ್ತುವಿನಲ್ಲೇ ಇದೆ. ಉಳಿದ ಕಾಲು ಪಾಲು ಕೈಯದು. ಕಷ್ಟಪಟ್ಟು ಕಲಿಯಬೇಕಾದದ್ದು ಮಾತ್ರ ಆ ಕಾಲು ಪಾಲನ್ನೇ.

ಮೊದಲು ಹೆಂಚನ್ನೇ ನೋಡೋಣ. ಎರಡು ತುದಿ ಆನಿಸಿ ನಡುವೆ ಒತ್ತಿದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಮೇಲಿನ ಮೈ ಒತ್ತಿಕೊಳ್ಳುತ್ತದೆ, ತಳದ ಮೈ ಹಿಗ್ಗುತ್ತದೆ. ಸುಟ್ಟ ಮಣ್ಣು, ಕಲ್ಲು, ಕಾಂಕ್ರೀಟ್ ಇವೆಲ್ಲದರ ಸ್ವಭಾವ ಒಂದೇ: ಅದುಮಿದರೆ ಎಷ್ಟು ಬೇಕಾದರೂ ತಾಳುತ್ತವೆ, ಎಳೆದರೆ ಬೇಗ ಸೋಲುತ್ತವೆ. ಕಾಂಕ್ರೀಟು ಎಳೆತಕ್ಕೆ ತಾಳುವುದು ಒತ್ತಡಕ್ಕೆ ತಾಳುವುದರ ಸುಮಾರು ಹತ್ತನೇ ಒಂದು ಪಾಲು ಮಾತ್ರ. ತಾರಸಿ ಹಾಕುವಾಗ, ಲಿಂಟಲ್ ಕಟ್ಟುವಾಗ ಕಬ್ಬಿಣದ ಸರಳನ್ನು ತಳಭಾಗಕ್ಕೆ ಇಡುವುದು ಇದೇ ಕಾರಣಕ್ಕೆ. ಕರಾಟೆಯ ಹೆಂಚಿಗೆ ಅಂಥ ಸರಳಿಲ್ಲ. ಹಾಗಾಗಿ ಹುಡುಗಿಯ ಕೈ ತಾಗಿದ್ದು ಮೇಲೆ, ಹೆಂಚು ಸೀಳಲು ಶುರುವಾದದ್ದು ಕೆಳಗೆ. ಪ್ರೇಕ್ಷಕರೆಲ್ಲ ಕೈ ನೋಡುತ್ತಿರುವಾಗ ನಡೆಯಬೇಕಾದದ್ದು ಹೆಂಚಿನ ಹೊಟ್ಟೆಯ ಕೆಳಗೆ ನಡೆದುಹೋಗಿರುತ್ತದೆ.

ಇದು ನಮ್ಮ ಸೀಮೆಯ ಹಳೆಯ ಶಿಲ್ಪಿಗಳಿಗೂ ಗೊತ್ತಿದ್ದ ವಿಷಯವೇ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿಯಿದೆ, ಹೊಯ್ಸಳ ವೀರಬಲ್ಲಾಳನ ಕಾಲದ್ದು. ಅದರ ಮುಖಮಂಟಪಕ್ಕೆ ಹೋದವರು ಹೊಳೆಯುವ ಕಂಬಗಳನ್ನು ನೋಡಿ ಬೆರಗಾಗುತ್ತಾರೆ. ಆ ಕಂಬಗಳು ಅಷ್ಟು ಹತ್ತಿರ ಹತ್ತಿರ ನಿಂತಿರುವುದು ಬರೀ ಅಂದಕ್ಕಲ್ಲ. ಕಲ್ಲಿನ ತೊಲೆಯನ್ನು ದೂರ ದೂರದ ಕಂಬಗಳ ಮೇಲಿಟ್ಟರೆ ತನ್ನ ಭಾರಕ್ಕೇ ತಳದಲ್ಲಿ ಸೀಳಿಬಿಡುತ್ತದೆ. ಆಸರೆಗಳ ನಡುವಿನ ಅಂತರ ಇಮ್ಮಡಿಯಾದರೆ ನಡುವೆ ಒತ್ತಿ ಮುರಿಯಲು ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ. ದಪ್ಪ ಇಮ್ಮಡಿಯಾದರೆ ಬೇಕಾದ ಬಲ ನಾಲ್ಕು ಪಟ್ಟು ಏರುತ್ತದೆ. ಶಿಲ್ಪಿ ಈ ಲೆಕ್ಕವನ್ನು ಮುರಿಯದಿರಲು ಬಳಸಿದ, ಕರಾಟೆ ಮಾಸ್ಟರು ಮುರಿಯಲು ಬಳಸುತ್ತಾರೆ. ವೇದಿಕೆಯಲ್ಲಿ ಬ್ಲಾಕುಗಳನ್ನು ಹೆಂಚಿನ ತೀರಾ ತುದಿಗೆ ಸರಿಸಿರುವುದನ್ನು ಮುಂದಿನ ಸಲ ಗಮನಿಸಿ. ಅವೆರಡನ್ನೂ ನಡುವಿಗೆ ತಂದಿಟ್ಟು ಒಡೆಯಲು ಹೇಳಿದರೆ ಕಪ್ಪು ಬೆಲ್ಟಿನವರೂ ಸ್ವಲ್ಪ ಯೋಚಿಸುತ್ತಾರೆ.

ಬಲ, ಅಂತರ, ದಪ್ಪ ಇಷ್ಟರಲ್ಲೇ ಲೆಕ್ಕ ಮುಗಿಯುವುದಿಲ್ಲ. ಒಂದೇ ಗೂಡಿನಲ್ಲಿ ಸುಟ್ಟ ಎರಡು ಹೆಂಚುಗಳಲ್ಲಿ ಒಂದು ಸುಲಭವಾಗಿ ಒಡೆಯುತ್ತದೆ, ಇನ್ನೊಂದು ಹಟ ಹಿಡಿಯುತ್ತದೆ. ಏಕೆ? ಎ.ಎ. ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ ಉತ್ತರ ಹುಡುಕಿದ. ಗಾಜಿನ ಎಳೆಗಳನ್ನು ಎಳೆದೆಳೆದು ಪರೀಕ್ಷಿಸಿ 1921ರಲ್ಲಿ ಪ್ರಕಟಿಸಿದ ಅವನ ವಾದದ ಸಾರ ಇಷ್ಟು: ವಸ್ತುವಿನೊಳಗೆ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕುಗಳು ಮೊದಲೇ ಇರುತ್ತವೆ. ಎಳೆತ ಬಿದ್ದಾಗ ಅದೆಲ್ಲ ಬಿರುಕಿನ ಮೊನೆಯಲ್ಲಿ ಬಂದು ಸೇರುತ್ತದೆ. ಒಂದು ಮಿತಿ ದಾಟಿದರೆ ಬಿರುಕು ತಾನಾಗಿಯೇ ಓಡುತ್ತದೆ, ಆಮೇಲೆ ತಡೆಯುವವರಿಲ್ಲ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರು ಬಂಡೆಯ ಮೇಲೆ ಸಾಲಾಗಿ ಉಳಿಯಿಂದ ಕುಳಿ ತೋಡಿ, ಬೆಣೆ ಇಟ್ಟು, ಆ ತುದಿಯಿಂದ ಈ ತುದಿಗೆ ಒಂದೊಂದೇ ಏಟು ಹಾಕುತ್ತ ಬರುತ್ತಾರೆ. ತೋಟದ ಬೇಲಿಗೆ ನೆಡುವ ಕಲ್ಲುಕಂಬ ಹುಟ್ಟುವುದು ಹೀಗೆ. ಗ್ರಿಫಿತ್ ಸೂತ್ರ ಬರೆಯುವುದಕ್ಕೆ ಎಷ್ಟೋ ಶತಮಾನ ಮೊದಲೇ ಅವರ ಕೈಗೆ ಅದು ಗೊತ್ತಿತ್ತು.

ಹೆಂಚಿನ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಹೆಂಚನ್ನು ಎರಡು ಬೆರಳಲ್ಲಿ ತೂಗುಹಾಕಿದಂತೆ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಚೆನ್ನಾಗಿ ಸುಟ್ಟ, ಬಿರುಕಿಲ್ಲದ ಹೆಂಚು ಕಂಚಿನ ಪಾತ್ರೆಯಂತೆ ಟಣ್ಣೆನ್ನುತ್ತದೆ, ದನಿ ಒಂದು ಗಳಿಗೆ ನಿಲ್ಲುತ್ತದೆ. ಒಳಗೆ ಬಿರುಕಿದ್ದರೆ ದಬ್ಬೆನ್ನುತ್ತದೆ, ಅಲ್ಲಿಗೆ ಮುಗಿಯಿತು. ಬಿರುಕಿನ ಎರಡು ಬದಿಗಳು ಒಂದಕ್ಕೊಂದು ಉಜ್ಜಿ ಕಂಪನವನ್ನು ನುಂಗಿಹಾಕುತ್ತವೆ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿ ಬೆರಳಿಂದ ತಟ್ಟಿ ನೋಡುವುದು ಇದನ್ನೇ. ಕರಾಟೆ ಕ್ಲಾಸಿನವರು ಪ್ರದರ್ಶನಕ್ಕೆ ಮುಂಚೆ ಹೆಂಚು ತಟ್ಟಿ ನೋಡಿದರೆ ಅದರಲ್ಲಿ ಮೋಸವೇನಿಲ್ಲ. ಮಕ್ಕಳ ಕೈಗೆ ಯಾವುದು ಹಗುರ ಎಂದು ಆರಿಸುವುದೂ ಗುರುವಿನ ಕೆಲಸವೇ. ದಬ್ಬೆನ್ನುವ ಹೆಂಚನ್ನು ತಾನೇ ಒಡೆದು ಫ್ಲೆಕ್ಸ್ ಹಾಕಿಸಿಕೊಂಡರೆ ಮಾತ್ರ ನಗು ಬರುತ್ತದೆ.

ಮಂಗಳೂರು ಹೆಂಚಿಗೂ ಕರ್ನಾಟಕದ ಕರಾಟೆಗೂ ಗಂಟು ಬಿದ್ದದ್ದು ಆಕಸ್ಮಿಕವಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟ ಹತ್ತಿ ಬಯಲುಸೀಮೆಯ ಮನೆಗಳ ಮೇಲೂ ಕೂತಿತು. ಈಗ ಮನೆಗಳು ತಾರಸಿಯಾಗುತ್ತಿವೆ, ಇಳಿಸಿದ ಹೆಂಚುಗಳು ಹಿತ್ತಲಲ್ಲಿ ಒಟ್ಟಿಕೊಂಡಿವೆ. ಒಡೆಯಲು ಇದಕ್ಕಿಂತ ಅಗ್ಗದ ಸಾಮಾನು ಎಲ್ಲಿ ಸಿಗಬೇಕು? ಬೇರೆ ಕಡೆ ಹೆಚ್ಚಾಗಿ ಪೈನ್ ಹಲಗೆ ಒಡೆದರೆ ನಮ್ಮಲ್ಲಿ ಹೆಂಚು ಒಡೆಯುತ್ತಾರೆ. ಚಪ್ಪಟೆಯಾಗಿ ಉದ್ದಕ್ಕಿರುವ ಈ ಹೆಂಚಿಗಿಂತ ಹಳೆಯ ನಾಡಹೆಂಚು, ಅಂದರೆ ಕುಂಬಾರರು ಮಾಡುತ್ತಿದ್ದ ಅರೆಗೊಳವೆಯಾಕಾರದ್ದು, ಕೈಗೆ ಬಗ್ಗುವುದು ಕಷ್ಟ. ಕವುಚಿ ಹಾಕಿ ಎರಡು ಅಂಚನ್ನೂ ನೆಲಕ್ಕೆ ಊರಿಸಿದರೆ ಅದೊಂದು ಕಮಾನು. ಮೇಲಿನ ಭಾರ ಎಳೆತವಾಗದೆ ಒತ್ತಡವಾಗಿ ಬದಿಗೆ ಹೋಗುತ್ತದೆ.

ಮರದ ಹಲಗೆಯ ಕಥೆ ಬೇರೆ. ಮರಕ್ಕೆ ಎಳೆ ಇರುತ್ತದೆ. ಎಳೆಗೆ ಅಡ್ಡಲಾಗಿ ಮುರಿಯಹೊರಟರೆ ಕೊಡಲಿಯೇ ಬೇಕು, ಎಳೆಯ ಗುಂಟ ಸೀಳಿದರೆ ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಬಲ ಸಾಕು. ಸೌದೆ ಸೀಳಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕರಾಟೆಗೆ ಕೊಯ್ದ ಹಲಗೆಯಲ್ಲಿ ಎಳೆ ಯಾವಾಗಲೂ ಆಸರೆಗಳಿಗೆ ಸಮಾನಾಂತರವಾಗಿ ಓಡುತ್ತದೆ. ಅರ್ಥಾತ್ ಸೀಳು ಎಲ್ಲಿ ಬರಬೇಕೋ ಆ ಗೆರೆಯನ್ನು ಮರವೇ ಬೆಳೆಯುವಾಗ ಎಳೆದುಕೊಟ್ಟಿರುತ್ತದೆ. ಗಂಟಿರಬಾರದು, ಹಸಿ ಇರಬಾರದು. ಹಸಿ ಹಲಗೆ ಬಾಗಿ ಮತ್ತೆ ಸೆಟೆದು ನಿಲ್ಲುತ್ತದೆ. ಒಂದು ಕಾಲಕ್ಕೆ ಮರ ಸಾಗಿಸಲೆಂದೇ ನರಸಿಂಹರಾಜಪುರಕ್ಕೆ ಪುಟ್ಟ ರೈಲು ಓಡಿಸಿದ್ದ ತರೀಕೆರೆಯಲ್ಲಿ ಮರದ ಗುಣ ಬಲ್ಲವರಿಗೆ ಬರವಿಲ್ಲ. ಕಾಫಿ ತೋಟಗಳಿಂದ ಇಳಿದು ಬರುವ ಸಿಲ್ವರ್ ಓಕ್ ಹಗುರ ಮರ, ಪೆಟ್ಟಿಗೆ ಹಲಗೆಗೆ ಬಳಸುವುದು, ಮಕ್ಕಳ ಅಭ್ಯಾಸಕ್ಕೆ ಹೊಂದುತ್ತದೆ. ಮತ್ತಿ, ಹೊನ್ನೆಯ ಹಲಗೆ ತಂದು ಮಗುವಿನ ಮುಂದೆ ಇಟ್ಟರೆ ಅದು ಪರೀಕ್ಷೆಯಲ್ಲ, ಶಿಕ್ಷೆ.

ಇನ್ನು ಕೈಯ ಪಾಲಿಗೆ ಬರೋಣ. ಇದನ್ನು ಲ್ಯಾಬಿನಲ್ಲಿ ಕೂರಿಸಿ ಅಳೆದವರಲ್ಲಿ ಹೆಸರಾದವರು ಅಮೆರಿಕದ ಎಂಐಟಿಯ ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್ ಮತ್ತು ಸ್ಟೀಫನ್ ವಿಲ್ಕ್. ಅವರ ಲೇಖನ 1979ರ ಏಪ್ರಿಲ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬಂತು. ಮೂವರಲ್ಲಿ ಮೆಕ್‌ನೇರ್ ಸಾಮಾನ್ಯ ಮನುಷ್ಯನಲ್ಲ. ಲೇಸರ್ ವಿಜ್ಞಾನಿ, ಕರಾಟೆಯಲ್ಲಿ ಕಪ್ಪು ಬೆಲ್ಟು, 1984ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ, 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದಾಗ ತೀರಿಕೊಂಡ ಏಳು ಜನರಲ್ಲಿ ಒಬ್ಬ. ಹೊಡೆಯುವವನೇ ಅಳೆಯುವವನೂ ಆಗಿದ್ದದ್ದು ಆ ಲೇಖನದ ಬಲ. ಕ್ಷಣಕ್ಷಣಕ್ಕೂ ಬೆಳಕು ಮಿಂಚಿಸಿ ಫೋಟೊ ತೆಗೆದು, ವೇಗದ ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು, ಕೈ ಎಲ್ಲಿ ಎಷ್ಟು ವೇಗದಲ್ಲಿದೆ ಎಂದು ಲೆಕ್ಕ ಹಾಕಿದರು.

ಪಳಗಿದವರ ಕೈ ಮೇಲಿನಿಂದ ಕೆಳಕ್ಕೆ ಬೀಸಿದಾಗ ಸೆಕೆಂಡಿಗೆ 10ರಿಂದ 14 ಮೀಟರ್ ವೇಗ ಮುಟ್ಟುತ್ತದೆ. ಗಂಟೆಗೆ 36ರಿಂದ 50 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಕೈ ಪೂರ್ತಿ ಚಾಚಿದಾಗ ಈ ವೇಗ ಇರುವುದಿಲ್ಲ, ಏಕೆಂದರೆ ಅಲ್ಲಿ ಕೈ ನಿಲ್ಲಲೇಬೇಕು. ಗುದ್ದಿನ ವೇಗ ತುಟ್ಟತುದಿಗೇರುವುದು ತೋಳು ಸುಮಾರು ಮುಕ್ಕಾಲು ಭಾಗ ಚಾಚಿದಾಗ. ಎಲ್ಲ ಮಾಸ್ಟರುಗಳೂ ಹೇಳಿಕೊಡುವ ಒಂದು ಮಾತಿದೆ, ಹಲಗೆಗೆ ಹೊಡೆಯಬೇಡ, ಹಲಗೆಯ ಆಚೆಗೆ ಹೊಡೆ ಅಂತ. ಕೇಳಿದರೆ ವೇದಾಂತದಂತಿರುತ್ತದೆ. ಲೆಕ್ಕ ನೋಡಿದರೆ ಶುದ್ಧ ಅಳತೆಯ ಮಾತು. ಗುರಿ ಒಂದು ಗೇಣು ಆಚೆಗಿದ್ದರೆ ಹಲಗೆ ಇರುವ ಜಾಗದಲ್ಲಿ ಕೈ ತನ್ನ ಪೂರ್ತಿ ವೇಗದಲ್ಲಿರುತ್ತದೆ.

ಎಷ್ಟು ಶಕ್ತಿ ಬೇಕು? ಭೌತಶಾಸ್ತ್ರದ ಕಾಲೇಜು ಪಠ್ಯಗಳಲ್ಲಿ ಬರುವ ಒಂದು ಲೆಕ್ಕ ಇಲ್ಲಿ ನೋಡುವಂತಿದೆ. ಮುಷ್ಟಿಯ ತೂಕ 700 ಗ್ರಾಂ. ಒಂದು ಕಡೆ 140 ಗ್ರಾಂ ತೂಗುವ ಮರದ ಹಲಗೆ, ಇನ್ನೊಂದು ಕಡೆ 3.2 ಕೆ.ಜಿ. ತೂಗುವ ಕಾಂಕ್ರೀಟ್ ಚಪ್ಪಡಿ. ಹಲಗೆ ಮುರಿಯುವ ಮುನ್ನ 16 ಮಿಲಿಮೀಟರ್ ಬಾಗುತ್ತದೆ, ಕಾಂಕ್ರೀಟು ಬಾಗುವುದು ಬರೀ 1.1 ಮಿಲಿಮೀಟರ್. ಮುರಿಯಲು ಬೇಕಾದ ಶಕ್ತಿ ಹಲಗೆಗೆ 5.2 ಜೂಲ್, ಕಾಂಕ್ರೀಟಿಗೆ 1.6 ಜೂಲ್. ಹೌದು, ತಿರುವುಮುರುವಾಗಿ ಬರೆದಿಲ್ಲ. ಕಾಂಕ್ರೀಟಿಗೆ ಕಡಿಮೆ ಶಕ್ತಿ ಸಾಕು. ಐದು ಜೂಲ್ ಎಂದರೆ ಅರ್ಧ ಕೆ.ಜಿ. ಬೆಲ್ಲದ ಅಚ್ಚು ಒಂದು ಮೀಟರ್ ಎತ್ತರದ ಕಟ್ಟೆಯಿಂದ ಕೆಳಗೆ ಬಿದ್ದಾಗ ನೆಲಕ್ಕೆ ಕೊಡುವಷ್ಟು, ಅಷ್ಟೇ.

ಹಾಗಾದರೆ ಕಾಂಕ್ರೀಟ್ ಒಡೆಯುವುದೇಕೆ ಕಷ್ಟ? ಎರಡು ಕಾರಣ. ಬಾಗುವುದು ಕಡಿಮೆಯಾದ್ದರಿಂದ ಆ ಶಕ್ತಿಯನ್ನು ಒಂದು ಮಿಲಿಮೀಟರಿನೊಳಗೆ ತುರುಕಬೇಕು, ಬಲ ವಿಪರೀತ ಏರುತ್ತದೆ. ಹಲಗೆಗೆ ಸುಮಾರು 650 ನ್ಯೂಟನ್, ಅಂದರೆ 66 ಕೆ.ಜಿ. ಮನುಷ್ಯ ಮೆಲ್ಲಗೆ ಅದರ ನಡುವೆ ನಿಂತರೂ ಸಾಕು. ಕಾಂಕ್ರೀಟಿಗೆ 2,800 ನ್ಯೂಟನ್ ದಾಟುತ್ತದೆ, ನಾಲ್ಕು ಜನ ಒಬ್ಬರ ಹೆಗಲ ಮೇಲೊಬ್ಬರು ನಿಲ್ಲಬೇಕು. ಎರಡನೆಯ ಕಾರಣ ತೂಕ. ಹಗುರ ಕೈ ಭಾರದ ಚಪ್ಪಡಿಗೆ ಬಡಿದಾಗ ಶಕ್ತಿಯ ಹೆಚ್ಚು ಪಾಲು ಡಿಕ್ಕಿಯಲ್ಲೇ ಸೋರಿಹೋಗುತ್ತದೆ, ಮುರಿಯುವ ಕೆಲಸಕ್ಕೆ ಉಳಿಯುವುದು ಸ್ವಲ್ಪ. ಆದ್ದರಿಂದ ಅದೇ ಲೆಕ್ಕದಲ್ಲಿ ಹಲಗೆಗೆ ಕನಿಷ್ಠ ಸೆಕೆಂಡಿಗೆ 4.2 ಮೀಟರ್ ವೇಗ ಬೇಕಾದರೆ ಕಾಂಕ್ರೀಟಿಗೆ 5 ಮೀಟರ್ ಬೇಕು. ಪಳಗಿದ ಕೈಯ ವೇಗ ಇವೆರಡಕ್ಕಿಂತ ಬಹಳ ಮೇಲಿದೆ. ಕಲಿಯದವನ ಕೈಯೂ ಈ ವೇಗ ಮುಟ್ಟಬಲ್ಲದು. ಆದರೆ ಮುಟ್ಟುವುದಿಲ್ಲ, ಅದೇ ತಮಾಷೆ.

ಏಕೆಂದರೆ ಕಲಿಯದವನು ಕೊನೆಯ ಐದಾರು ಇಂಚಿನಲ್ಲಿ ಹೆದರುತ್ತಾನೆ. ನೋವಾದೀತು ಎಂದು ಮೈ ತಾನಾಗಿಯೇ ಬ್ರೇಕ್ ಹಾಕುತ್ತದೆ. ಕೈ ನಿಧಾನವಾಗುತ್ತದೆ, ಹಲಗೆ ಬಾಗುತ್ತದೆ, ಮುರಿಯುವ ಹಂತಕ್ಕೆ ಬರದೆ ಸೆಟೆದು ವಾಪಸು ಬರುತ್ತದೆ. ಆಗ ಏನಾಗುತ್ತದೆ ನೋಡಿ. ಹಲಗೆ ಮುರಿದಿದ್ದರೆ ಕೈ ಅದರ ಮೂಲಕ ಹಾದುಹೋಗಿ ತನ್ನ ವೇಗದ ಒಂದು ಪಾಲನ್ನಷ್ಟೇ ಕಳೆದುಕೊಳ್ಳುತ್ತಿತ್ತು. ಮುರಿಯದ ಹಲಗೆ ಕೈಯನ್ನು ಪೂರ್ತಿ ನಿಲ್ಲಿಸಿ, ಸಾಲದ್ದಕ್ಕೆ ಹಿಂದಕ್ಕೆ ತಳ್ಳುತ್ತದೆ. ಕೊಟ್ಟ ಪೆಟ್ಟೆಲ್ಲ ಮರಳಿ ಕೈಗೇ. ತಾಗುವ ಹೊತ್ತು ಸೆಕೆಂಡಿನ ಇನ್ನೂರನೇ ಒಂದು ಭಾಗ, ಅಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿಬಿಡುತ್ತದೆ. ಹೆದರಿ ಹೊಡೆದವನಿಗೆ ಹೆಚ್ಚು ನೋವು, ಹೆದರದೆ ಹೊಡೆದವನಿಗೆ ಕಡಿಮೆ. ಕೇಳಲು ಅನ್ಯಾಯವೆನಿಸುವ ಈ ಮಾತು ಲೆಕ್ಕಕ್ಕೆ ಸರಿಯಾಗಿದೆ. ಕೂಗುವುದು ಕೂಡ ಬರೀ ಅಬ್ಬರವಲ್ಲ. ಉಸಿರು ಹೊರಹಾಕುತ್ತ ಹೊಟ್ಟೆ ಬಿಗಿದರೆ ತೋಳಿನ ಹಿಂದೆ ಮೈಯೂ ನಿಲ್ಲುತ್ತದೆ, ಅನುಮಾನಕ್ಕೆ ಪುರುಸೊತ್ತು ಸಿಗುವುದಿಲ್ಲ.

ಕೈಯ ಮೂಳೆ ಮುರಿಯುವುದಿಲ್ಲವೇ? ಎಂಐಟಿಯವರ ಲೆಕ್ಕದಲ್ಲಿ ಮೂಳೆ ಕಾಂಕ್ರೀಟಿಗಿಂತ ಸುಮಾರು 40 ಪಟ್ಟು ಹೆಚ್ಚು ಒತ್ತಡ ತಾಳಬಲ್ಲದು. ಮೂಳೆಯಲ್ಲಿ ಖನಿಜದ ಜೊತೆ ನಾರಿನಂಥ ಕೊಲಾಜೆನ್ ಹೆಣೆದುಕೊಂಡಿರುತ್ತದೆ, ಬಿರುಕು ಓಡಹೊರಟರೆ ನಾರು ಅಡ್ಡ ಬರುತ್ತದೆ. ಅಂಗೈಯ ಕಿರುಬೆರಳಿನ ಬದಿಯಲ್ಲಿ ದಪ್ಪ ಸ್ನಾಯುವಿನ ದಿಂಡಿದೆ, ಚಾಪ್, ಅಂದರೆ ಅಂಗೈಯ ಅಂಚಿನ ಏಟು ಹೊಡೆಯುವವರು ತಾಗಿಸಬೇಕಾದ್ದು ಅದನ್ನೇ. ತಾಗುವುದು ಸ್ವಲ್ಪ ಮುಂದೆ ಸರಿದು ಕಿರುಬೆರಳಿನ ಗೆಣ್ಣಿಗೆ ಬಿದ್ದರೆ ಅದರ ಹಿಂದಿನ ಅಂಗೈ ಮೂಳೆ ಮುರಿಯುತ್ತದೆ. ಗೋಡೆಗೆ ಸಿಟ್ಟಿನಿಂದ ಗುದ್ದಿದವರಿಗೆ ಆಗುವ ಮುರಿತ ಇದೇ, ಮೂಳೆ ಡಾಕ್ಟರುಗಳಿಗೆ ದಿನನಿತ್ಯದ ಗಿರಾಕಿ.

ಹತ್ತು ಹೆಂಚನ್ನು ಒಟ್ಟಿ ಒಂದೇ ಏಟಿಗೆ ಒಡೆಯುವ ದೃಶ್ಯಕ್ಕೆ ಹೆಚ್ಚು ಚಪ್ಪಾಳೆ. ಹೆಂಚುಗಳ ನಡುವೆ ಚಿಕ್ಕ ಮರದ ತುಂಡೋ ಪೆನ್ಸಿಲ್ಲೋ ಇಟ್ಟಿದ್ದಾರೆಯೇ ಎಂದು ಮೊದಲು ನೋಡಿ. ಇಟ್ಟಿದ್ದರೆ ಒಡೆಯುವುದು ಒಂದಾದ ಮೇಲೊಂದು. ಮೇಲಿನದು ಮುರಿದು, ಅದರ ಹೋಳುಗಳು ಕೈಯ ಜೊತೆ ಸೇರಿ ಎರಡನೆಯದರ ಮೇಲೆ ಬೀಳುತ್ತವೆ, ಹಾಗೇ ಕೆಳಕ್ಕೆ. ಕೈಗೆ ಒಂದು ಸಲಕ್ಕೆ ಎದುರಾಗುವುದು ಒಂದೇ ಹೆಂಚು. ನಡುವೆ ಏನೂ ಇಡದೆ ಮೈಗೆ ಮೈ ಅಂಟಿಸಿ ಒಟ್ಟಿದರೆ ಎಲ್ಲವೂ ಒಟ್ಟಿಗೆ ಬಾಗಬೇಕು, ಬಲ ಅಷ್ಟು ಪಟ್ಟು ಏರುತ್ತದೆ. ಸಂದಿಲ್ಲದ ಮೂರು ಹೆಂಚು ಸಂದಿರುವ ಹತ್ತಕ್ಕಿಂತ ದೊಡ್ಡ ಸಾಧನೆ. ಚಪ್ಪಾಳೆ ಮಾತ್ರ ಹತ್ತಕ್ಕೇ.

ಇಟ್ಟಿಗೆಯದು ಗಡುಸು ವ್ಯವಹಾರ. ಅಗಲಕ್ಕೆ ಹೋಲಿಸಿದರೆ ದಪ್ಪ ಹೆಚ್ಚು, ಆಸರೆಗಳ ನಡುವಿನ ಅಂತರ ಕಡಿಮೆ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಬರಿಗೈಲಿ ಒಡೆಯುವವರು ನಿಜಕ್ಕೂ ಪಳಗಿದವರು, ಇಲ್ಲವೇ ಒಂದು ಚಿಕ್ಕ ಉಪಾಯ ಬಲ್ಲವರು. ಇಟ್ಟಿಗೆಯ ಒಂದು ತುದಿಯನ್ನು ಎಡಗೈಯಿಂದ ಆಸರೆಯ ಮೇಲೆ ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತಾರೆ. ಪೆಟ್ಟು ಬಿದ್ದಾಗ ಇಟ್ಟಿಗೆ ಮೊದಲು ಕೆಳಗಿನ ಕಲ್ಲಿನ ಅಂಚಿಗೆ ಅಪ್ಪಳಿಸುತ್ತದೆ. ಒಡೆದದ್ದು ಅರ್ಧ ಕೈ, ಅರ್ಧ ಆ ಕಲ್ಲು. ಕ್ಯೋಕುಶಿನ್ ಶೈಲಿ ಕಟ್ಟಿದ ಮಾಸ್ ಒಯಾಮಾನ ಪರಂಪರೆಯಲ್ಲಿ ಹೊಳೆಗಲ್ಲು ಒಡೆಯುವಾಗಲೂ ಹೀಗೇ ಮಾಡುತ್ತಾರೆ, ಅದನ್ನು ಯಾರೂ ಅಲ್ಲಿ ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಅದು ಜಾದೂ.

ಕಡೂರು ಸೀಮೆ ತೆಂಗಿನದು, ಹಾಗಾಗಿ ಕಾಯಿಯ ಮಾತು ಬಿಡುವಂತಿಲ್ಲ. ಪೂಜಾರಿ ಕಾಯಿಯನ್ನು ಜುಟ್ಟಿನ ಕಡೆಯಿಂದ ಹಿಡಿದು ನಡುಸುತ್ತಿಗೆ ಸರಿಯಾಗಿ ಕಲ್ಲಿಗೆ ಕುಕ್ಕುತ್ತಾನೆ, ಒಂದೆರಡು ಪೆಟ್ಟಿಗೆ ಎರಡು ಬಟ್ಟಲು. ಮೊದಲ ಪೆಟ್ಟು ಎಬ್ಬಿಸಿದ ಬಿರುಕು ಗುಂಡಗೆ ಸುತ್ತಿಕೊಂಡು ಬರುತ್ತದೆ. ಅದೇ ಕಾಯಿಯನ್ನು ಎರಡು ಅಂಗೈ ನಡುವೆ ಎಷ್ಟು ಹಿಸುಕಿದರೂ ಏನೂ ಆಗದು, ಏಕೆಂದರೆ ಚಿಪ್ಪು ಎಲ್ಲ ಕಡೆಗೂ ಕಮಾನು. ಕಮಾನಿನ ಶತ್ರು ಒಂದೇ ಬಿಂದುವಿಗೆ ಬೀಳುವ ಏಟು. ಕರಾಟೆಯವರು ಕಾಯಿ ಒಡೆಯುವಾಗ ಅದನ್ನು ಅಲ್ಲಾಡದಂತೆ ಗಟ್ಟಿ ಮೇಲ್ಮೈ ಮೇಲೆ ನಿಲ್ಲಿಸುವುದರಲ್ಲೇ ಅರ್ಧ ಗೆಲುವಿದೆ. ಉರುಳುವ ಕಾಯಿ ಏಟನ್ನು ಉರುಳುವುದರಲ್ಲೇ ಕಳೆದುಬಿಡುತ್ತದೆ.

ಕಾಯಿಯನ್ನು ತಲೆಗೆ ಒಡೆಯುವ ಹರಕೆಯೂ ಉಂಟು. ತಮಿಳುನಾಡಿನ ಕರೂರು ಜಿಲ್ಲೆಯ ಮೆಟ್ಟು ಮಹಾದಾನಪುರದ ಮಹಾಲಕ್ಷ್ಮಿ ಗುಡಿಯಲ್ಲಿ ಆಡಿ ಮಾಸದಲ್ಲಿ ಭಕ್ತರು ಸಾಲಾಗಿ ಕೂರುತ್ತಾರೆ, ಪೂಜಾರಿ ಒಬ್ಬೊಬ್ಬರ ನೆತ್ತಿಗೆ ಕಾಯಿ ಒಡೆಯುತ್ತಾ ಹೋಗುತ್ತಾನೆ. ಅಲ್ಲಿನ ಕುರುಂಬ ಸಮುದಾಯಕ್ಕೂ ನಮ್ಮ ಹಾಲುಮತದವರಿಗೂ ನಂಟಿದೆ. ತಲೆಬುರುಡೆಯೂ ಕಮಾನೇ, ಕಾಯಿಗಿಂತ ದಪ್ಪನೆಯದು, ಆದ್ದರಿಂದ ಹೆಚ್ಚಾಗಿ ಸೋಲುವುದು ಕಾಯಿ. ಆದರೂ ತಲೆಗೆ ಗಾಯವಾದವರ ಸುದ್ದಿ ಬರುತ್ತಲೇ ಇರುತ್ತದೆ. ನಂಬಿಕೆಯ ವಿಷಯ ಅವರವರಿಗೆ ಬಿಟ್ಟದ್ದು. ಕರಾಟೆ ವೇದಿಕೆಯಲ್ಲಿ ಮಕ್ಕಳು ಹಣೆಯಿಂದ ಹೆಂಚು ಒಡೆಯುವುದಕ್ಕೆ ಮಾತ್ರ ಯಾವ ನಂಬಿಕೆಯ ರಕ್ಷಣೆಯೂ ಇಲ್ಲ. ಬುರುಡೆ ಗಟ್ಟಿಯಿರಬಹುದು, ಒಳಗಿನ ಮಿದುಳು ಮೆತ್ತಗಿದೆ. ತಲೆ ಥಟ್ಟನೆ ನಿಂತಾಗ ಅದು ಒಳಗೇ ಅಲುಗುತ್ತದೆ. ಇಂಥ ಐಟಂ ಇಟ್ಟ ಶಾಲೆಗೆ ಪೋಷಕರು ಎದ್ದು ನಿಂತು ಬೇಡ ಎನ್ನಬೇಕು.

ಎದೆಯ ಮೇಲೆ ಕಲ್ಲುಚಪ್ಪಡಿ ಇಟ್ಟು ಸಮ್ಮಟಿಗೆಯಲ್ಲಿ ಒಡೆಯುವುದು ನೋಡಲು ಎಲ್ಲಕ್ಕಿಂತ ಭಯಾನಕ. ಪವಾಡ ಬಯಲು ಕಾರ್ಯಕ್ರಮಗಳಲ್ಲೂ ಇದನ್ನು ಮಾಡಿ ತೋರಿಸುತ್ತಾರೆ. ಚಪ್ಪಡಿ ದೊಡ್ಡದಾದಷ್ಟೂ ಜನ ಬಾಯಿ ಬಿಡುತ್ತಾರೆ, ಮಲಗಿದವನು ಅಷ್ಟೇ ಕ್ಷೇಮ. 4 ಕೆ.ಜಿ. ಸಮ್ಮಟಿಗೆ 40 ಕೆ.ಜಿ. ಚಪ್ಪಡಿಗೆ ಬಡಿದಾಗ ಕೆಳಕ್ಕೆ ದಾಟುವ ಶಕ್ತಿ ಹನ್ನೊಂದರಲ್ಲಿ ಒಂದು ಪಾಲು, ಕಲ್ಲು ಒಡೆದರೆ ಅದರಲ್ಲೂ ಕಡಿತ. ಚಪ್ಪಡಿಯೂ 4 ಕೆ.ಜಿ.ಯದ್ದಾಗಿದ್ದರೆ ಅರ್ಧಕ್ಕರ್ಧ ಎದೆಗೇ ಇಳಿಯುತ್ತಿತ್ತು. ಇಲ್ಲಿ ಅಪಾಯ ಇರುವುದು ಏಟು ಗುರಿ ತಪ್ಪಿದಾಗ, ಚೂರು ಕಣ್ಣಿಗೆ ಹಾರಿದಾಗ. ಕಬ್ಬಿಣದ ಸರಪಳಿ ಹರಿಯುವುದು ಬೇರೆಯೇ ಜಾತಿ. ಮೈಲಾರದ ಜಾತ್ರೆಯಲ್ಲಿ ಸರಪಳಿ ಪವಾಡವಿದೆ. ಮೈಲಾರಲಿಂಗನ ಕಾರ್ಣಿಕ ದಸರೆಗೆ ನಮ್ಮ ಬೀರೂರಿನಲ್ಲೂ ನಡೆಯುವುದರಿಂದ ಇಲ್ಲಿನವರಿಗೆ ಆ ಪರಂಪರೆ ಹೊಸದಲ್ಲ. ಕಬ್ಬಿಣ ಹೆಂಚಿನಂತೆ ಫಟ್ಟನೆ ಸೀಳುವುದಿಲ್ಲ, ಹಿಗ್ಗಿ ಹಿಗ್ಗಿ ಸೋಲುತ್ತದೆ. ಸರಪಳಿಯ ಬಲ ಅದರ ಅತ್ಯಂತ ಸೊರಗಿದ ಕೊಂಡಿಯಷ್ಟೇ, ಜಗ್ಗಿ ಎಳೆಯುವುದರಿಂದ ಆ ಕೊಂಡಿಗೆ ಬೀಳುವ ಬಲ ಸುಮ್ಮನೆ ತೂಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಕರಾಟೆ ನಮ್ಮ ತಾಲ್ಲೂಕು ಕೇಂದ್ರಗಳಿಗೆ ಬಂದದ್ದು ಸಿನಿಮಾ ಟೆಂಟಿನ ದಾರಿಯಲ್ಲಿ. ಬ್ರೂಸ್ ಲೀಯ ಪೋಸ್ಟರು ಸಲೂನುಗಳ ಗೋಡೆಗೆ ಹತ್ತಿತು, ಅಭಿಮಾನಿಗಳು ಶಂಕರ್‌ನಾಗ್‌ಗೆ ‘ಕರಾಟೆ ಕಿಂಗ್’ ಎಂದು ಹೆಸರಿಟ್ಟರು. ಆಗ ಕಲಿಯುತ್ತಿದ್ದವರು ಹೆಚ್ಚಾಗಿ ಮೀಸೆ ಚಿಗುರಿದ ಹುಡುಗರು. ಈಗ ಸಾಲಿನಲ್ಲಿ ಮುಂದೆ ನಿಂತಿರುವವರು ಹೆಣ್ಣುಮಕ್ಕಳು. ಹಾಸ್ಟೆಲ್ ಮತ್ತು ವಸತಿ ಶಾಲೆಗಳ ಹುಡುಗಿಯರಿಗೆ ಸಮಾಜ ಕಲ್ಯಾಣ ಇಲಾಖೆ ಓಬವ್ವನ ಹೆಸರಿನಲ್ಲೇ ಆತ್ಮರಕ್ಷಣಾ ತರಬೇತಿ ಶುರುಮಾಡಿತು. ಪಕ್ಕದ ಚಿತ್ರದುರ್ಗದ ಆ ಹೆಂಗಸು ಬರಿಗೈ ನಂಬದೆ ಒನಕೆ ಎತ್ತಿಕೊಂಡದ್ದು ಭೌತಶಾಸ್ತ್ರದ ಪ್ರಕಾರವೂ ಜಾಣತನ. ಉದ್ದನೆಯ ಹಿಡಿ, ತುದಿಯಲ್ಲಿ ತೂಕ, ಕೈಗೆ ಪೆಟ್ಟಿಲ್ಲ.

ಹೆಂಚು ಒಡೆಯಲು ಬಂದವಳಿಗೆ ಆತ್ಮರಕ್ಷಣೆ ಬಂತು ಎಂದು ಮಾತ್ರ ತಿಳಿಯಬಾರದು. ದಾರಿಯಲ್ಲಿ ಅಡ್ಡ ಹಾಕುವವನು ಎರಡು ಬ್ಲಾಕುಗಳ ನಡುವೆ ಅಲ್ಲಾಡದೆ ಮಲಗಿ ಏಟಿಗೆ ಕಾಯುವುದಿಲ್ಲ. ಬಿಡಿಸಿಕೊಳ್ಳುವುದು, ಕೂಗುವುದು, ಓಡುವುದು, ಯಾರಿಗೆ ಹೇಳಬೇಕು ಎಂದು ತಿಳಿದಿರುವುದು ಇವೆಲ್ಲ ಬೇರೆ ಪಾಠಗಳು, ವೇದಿಕೆಯ ಮೇಲೆ ಅವು ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ ಹಿಂದೆ ಬೀಳುತ್ತವೆ. ಆದರೂ ಹಲಗೆ ಒಡೆಯುವುದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಕೊನೆಯ ಐದಾರು ಇಂಚಿನಲ್ಲಿ ಕೈ ಹಿಂದೆಗೆಯದಿರುವುದನ್ನು ಬೇರೆ ಯಾವ ಕಸರತ್ತೂ ಇಷ್ಟು ಬೇಗ ಕಲಿಸುವುದಿಲ್ಲ.

ಕಲಿಸುವುದಾದರೆ ಕೆಲವು ಮಾತು ನೆನಪಿರಲಿ. ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇರುತ್ತದೆ, ಹದಿನೈದು ಹದಿನಾರರವರೆಗೂ ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅಲ್ಲಿ ಪೆಟ್ಟಾದರೆ ಬೆರಳು ಸೊಟ್ಟಗೆ ಬೆಳೆಯಬಹುದು. ಆದ್ದರಿಂದ ಚಿಕ್ಕವರಿಗೆ ಗೆಣ್ಣಿನ ಗುದ್ದು ಬೇಡ, ಅಂಗೈಯ ಬುಡದಿಂದಲೋ ಪಾದದಿಂದಲೋ ಹೊಡೆಯಲಿ. ಒಣಗಿದ, ಗಂಟಿಲ್ಲದ, ತೆಳ್ಳನೆಯ ಹಲಗೆ ಸಾಕು, ಇಟ್ಟಿಗೆ ಮತ್ತು ಸಿಮೆಂಟ್ ಬೇಡವೇ ಬೇಡ. ಹಲಗೆ ಹಿಡಿದು ನಿಲ್ಲುವ ಗೆಳತಿ ಮೊಣಕೈ ಬಿಗಿದು ನಿಲ್ಲಬೇಕು. ಅವಳ ತೋಳು ಹಿಂದೆ ಸರಿದರೆ ಏಟು ಅಲ್ಲೇ ಇಂಗಿಹೋಗಿ ಹಲಗೆ ಮುರಿಯದೆ ಉಳಿಯುತ್ತದೆ, ನೋವು ಹೊಡೆದವಳಿಗೆ. ಹೆಂಚಾದರೆ ಮುಂದಿನ ಸಾಲಿನ ಪುಟಾಣಿಗಳನ್ನು ಹಿಂದಕ್ಕೆ ಕೂರಿಸಿ, ಚೂರು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಎರಡು ಏಟಿಗೂ ಮುರಿಯದಿದ್ದರೆ ಮೂರನೆಯದನ್ನು ಹೊಡೆಯಲು ಬಿಡಬೇಡಿ. ಅಷ್ಟರಲ್ಲಿ ಕೈ ಊದಿರುತ್ತದೆ, ಹೆದರಿಕೆ ಇಮ್ಮಡಿಯಾಗಿರುತ್ತದೆ, ಹಲಗೆ ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ. ಹಲಗೆ ತಿರುಗಿಸಿ ಎಳೆ ಯಾವ ಕಡೆಗಿದೆ ನೋಡಿ. ಎಷ್ಟೋ ಸಲ ಅವಸರದಲ್ಲಿ ಅಡ್ಡಲಾಗಿ ಹಿಡಿದಿರುತ್ತಾರೆ.